ಇಪ್ಪತ್ತೆರಡು ಸರಪಳಿ ದೂರದ ಶಾಲೆ

ಶಿಕಾರಿಪುರ, ಆಗಸ್ಟ್ 2, 1959. ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಈ ಪತ್ರಿಕೆಗೆ ಬರೆಯಲು ಕುಳಿತೆ.

ಮೊನ್ನೆ ಗುರುವಾರ ಅಂಜನಾಪುರದ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು, ಸೊರಬದಲ್ಲಿದ್ದ, ಜಮೀನು ಅಳೆಯುವ ಮೋಜಣಿದಾರರು ನಿವೃತ್ತರಾದರಂತೆ ಎಂದರು. ಈಗ ಎಲ್ಲಿದ್ದಾರೆ ಎಂದು ಕೇಳಿದೆ.

‘‘ಅದು ಗೊತ್ತಿಲ್ಲ ನೋಡ್ರೀ. ಹಿಂದ ನಮ್ಮ ಹೊಲ ಅಳ್ಯಾಕ ಬಂದಾಗ ಬಾಂದುಕಲ್ಲು ಇನ್ನೊಮ್ಮೆ ತೋರ್ಸ್ರಿ ಅಂದಿದ್ದಕ್ಕ ಹಂಗ ಹರಿಹಾಯ್ದಿದ್ರು, ಈಗ್ಲೂ ಕಿವ್ಯಾಗ ಐತಿ. ಅಳತಿ ಮಾತ್ರ ಕೂದಲೆಳಿ ಹೆಚ್ಚುಕಮ್ಮಿ ಇರ್ತಿರ್ಲಿಲ್ಲ’’ ಎಂದು ಅವರು ತಮ್ಮ ಊರಿನ ಕೈಮರದ ಹತ್ತಿರ ಇಳಿದರು.

ಆ ರೈತರು ಕಂಡ ಮನುಷ್ಯನೂ ನಾನು ಕಂಡ ಮನುಷ್ಯನೂ ಒಬ್ಬರೇ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಮನೆಗೆ ಬಂದವನೇ 1957ರ ಡೈರಿಯನ್ನು ಹುಡುಕಿ ತೆಗೆದೆ. ಕೆಳಗಿನ ತಾರೀಕು, ಲೆಕ್ಕಗಳೆಲ್ಲ ಅದರಿಂದ ಎತ್ತಿಕೊಂಡವು. ಅವರ ಹೆಸರು ಬರೆಯುವುದಿಲ್ಲ. ಕಾಗದದ ಮೇಲೆ ಏನಿರಬೇಕು, ಏನಿರಬಾರದು ಎಂಬ ಬಗ್ಗೆ ಅವರಿಗೆ ಗಟ್ಟಿಯಾದ ಅಭಿಪ್ರಾಯವಿತ್ತು.

ಆಗ ನಾನು ಸೊರಬದ ಒಂದು ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ತರಗತಿಯ ಮೇಷ್ಟ್ರು. ವಯಸ್ಸು ಇಪ್ಪತ್ತು, ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ನನ್ನ ಬಾಡಿಗೆ ಕೋಣೆ ಮೋಜಣಿದಾರರ ಮನೆಯ ಗೋಡೆಗೆ ಅಂಟಿಕೊಂಡಿತ್ತು. ಅವರು ಹುಟ್ಟಿದ್ದು ನಮ್ಮ ಶಿಕಾರಿಪುರದ ತೊಗರ್ಸಿ ಕಡೆ. ಸೊರಬದ ‘ಎಂತ’ಗಳ ನಡುವೆ ನಮ್ಮಿಬ್ಬರ ‘ಐತಿ’ಗಳಿಗೆ ಬೇಗ ಸ್ನೇಹವಾಯಿತು.

ಕುಳ್ಳಗಿನ ಆಳು. ಖಾಕಿ ಕೋಟು, ಕಿವಿಯ ಮೇಲೆ ಪೆನ್ಸಿಲು. ನಡೆಯುವಾಗ ಹೆಜ್ಜೆ ಎಣಿಸುವ ಅಭ್ಯಾಸ. ನಡುವೆ ಯಾರಾದರೂ ಮಾತನಾಡಿಸಿದರೆ ಒಂದು ಬೆರಳೆತ್ತಿ, ಎಣಿಕೆಯನ್ನು ಹತ್ತಕ್ಕೆ ಮುಟ್ಟಿಸಿ, ಆಮೇಲೆ ‘‘ಹಾಂ, ಹೇಳ್ರಿ’’ ಎನ್ನುತ್ತಿದ್ದರು. ದೇವಸ್ಥಾನಕ್ಕೆ ಸುತ್ತು ಬರುವಾಗ ಅವರ ತುಟಿ ಅಲುಗುವುದನ್ನು ಕಂಡು ಅರ್ಚಕರು ಯಾವುದೋ ದೊಡ್ಡ ಮಂತ್ರವೆಂದು ಬಗೆದು ಗೌರವದಿಂದ ದಾರಿ ಬಿಡುತ್ತಿದ್ದರು. ಇವರು ಪ್ರಾಕಾರ ಅಳೆಯುತ್ತಿದ್ದರು.

ಸಿಟ್ಟು ವಿಪರೀತ. ಸಾರಿಗೆ ಉಪ್ಪು ಹೆಚ್ಚಾದರೆ ನನ್ನ ಕೋಣೆಯ ಹೆಂಚು ಅದುರುತ್ತಿತ್ತು. ಅವರ ಹೆಂಡತಿ ಗೋಡೆಯಾಚೆಯಿಂದಲೇ ನನಗೆ ಸಮಾಧಾನ ಹೇಳುತ್ತಿದ್ದರು: ‘‘ಮೇಷ್ಟ್ರೇ, ನೀವು ಗಾಬರಿ ಆಗ್ಬ್ಯಾಡ್ರಿ. ಇವರ ತಾಳ್ಮಿ ಎಲ್ಲ ಬೆಳಿಗ್ಗೆನ ಬೀದ್ಯಾಗ ಖರ್ಚಾಗಿರ್ತೈತಿ. ಮನಿಗೆ ಬರೂ ಹೊತ್ತಿಗೆ ಡಬ್ಬಿ ಖಾಲಿ.’’

ಬೀದಿಯಲ್ಲಿ ಆ ತಾಳ್ಮೆ ಖರ್ಚಾಗುತ್ತಿದ್ದುದು ಅವರ ಮಗಳಿಗಾಗಿ. ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು, ಆಗ ಏಳು ವರ್ಷ. ಹಿಂದಿನ ಊರಿನಲ್ಲಿ, ಹಲಗೆಯ ಮೇಲಿನದನ್ನು ಓದಲಾಗಲಿಲ್ಲವೆಂದು ಒಬ್ಬ ಮೇಷ್ಟ್ರು ಅವಳನ್ನು ಇಡೀ ದಿನ ಬೆಂಚಿನ ಮೇಲೆ ನಿಲ್ಲಿಸಿ ಉಳಿದ ಮಕ್ಕಳಿಂದ ಚಪ್ಪಾಳೆ ತಟ್ಟಿಸಿದ್ದರಂತೆ. ಅಂದಿನಿಂದ ಶಾಲೆಯ ದಿಕ್ಕಿಗೆ ಹೊರಟರೆ ಸ್ವಲ್ಪ ದೂರ ನಡೆದು ಕುಳಿತುಬಿಡುತ್ತಿದ್ದಳು. ಅಳುವುದಿಲ್ಲ, ಕೂಗುವುದಿಲ್ಲ. ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು, ಅಷ್ಟೇ. ಎತ್ತಿಕೊಂಡು ಹೋದರೆ ಸಂಜೆಗೆ ಜ್ವರ. ಮನೆಯವರನ್ನು ಬಿಟ್ಟು ಬೇರೆಯವರೊಡನೆ ಮಾತೇ ಇಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇಪ್ಪತ್ತಮೂರನೆಯದು. ಎದುರಿಗೆ ದಿನವೂ ಗೈರು.

ನಮ್ಮ ಹೆಡ್ ಮೇಷ್ಟ್ರು ಮೋಜಣಿದಾರರನ್ನು ಕರೆಸಿ ಹೇಳಿದರು: ‘‘ಎರಡು ಪೆಟ್ಟು ಕೊಟ್ಟರೆ ತಾನೇ ಎದ್ದು ಬರ್ತಾಳೆ, ಸ್ವಾಮಿ.’’

‘‘ಪೆಟ್ಟು ಕೊಡಾಕ ನನ್ನ ಹತ್ರ ಗೂಟ ಅದಾವ್ರೀ’’ ಎಂದರು ಇವರು.

‘‘ಹಾಗಾದ್ರೆ ಕೇಳಿ. ನವೆಂಬರಿಗೆ ಇನ್‌ಸ್ಪೆಕ್ಟರು ಬರ್ತಾರೆ. ಅಷ್ಟರೊಳಗೆ ಮಗು ಒಂದು ದಿನವಾದ್ರೂ ಒಳಗೆ ಕೂರದಿದ್ರೆ ಹೆಸರು ಹೊಡೆದು ಹಾಕ್ತೇನೆ. ಒಮ್ಮೆ ಹೊಡೆದ ಹೆಸರನ್ನ ಮತ್ತೆ ಬರೆಯೋದು ನನ್ನ ಕೈಲಿಲ್ಲ.’’

ಇವರು ಗೂಟ ಎಂದದ್ದು ಉಡಾಫೆಯ ಮಾತೆಂದುಕೊಂಡಿದ್ದೆ. ಅಲ್ಲ. ಶಾಲೆಯ ದಾರಿಯನ್ನೇ ಅಳೆದು ಗೂಟ ಹೊಡೆಯಲು ಹೊರಟಿದ್ದರು. ಜಮೀನು ಅಳೆಯುವ ಸರಪಳಿ ಮೂವತ್ತಮೂರು ಅಡಿ. ಅದರಲ್ಲಿ ಹದಿನಾರು ಆಣೆ. ಒಂದು ಆಣೆ ಎಂದರೆ ಎರಡಡಿಗಿಂತ ಚೂರು ಹೆಚ್ಚು. ಆ ವರ್ಷ ದೇಶದಲ್ಲಿ ಆಣೆ ಹೋಗಿ ನಯಾಪೈಸೆ ಬಂದಿತ್ತು, ಅವರ ಸರಪಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಸರ್ಕಾರದ ಸರಪಳಿಯನ್ನು ಮನೆಗೆಲಸಕ್ಕೆ ಬಳಸಬಾರದೆಂದು ಅವರು ತೆಂಗಿನ ನಾರಿನ ಹಗ್ಗ ಕೊಂಡು, ಅಳೆದು, ಹದಿನಾರು ಗಂಟು ಹಾಕಿದರು. ಸರ್ಕಾರದ ಗೂಟವನ್ನೂ ಮುಟ್ಟಲಿಲ್ಲ. ಬಿದಿರು ಸೀಳಿ ತಾವೇ ಕೆತ್ತಿದರು. ಮನೆಯಿಂದ ಶಾಲೆಯ ಹೊಸ್ತಿಲಿಗೆ ಇಪ್ಪತ್ತೆರಡು ಸರಪಳಿ. ನಾನು ಮೂರು ನಿಮಿಷದಲ್ಲಿ ನಡೆಯುವ ದಾರಿ.

ಜೂನ್ 17, ಸೋಮವಾರ, ಬೆಳಿಗ್ಗೆ 9.30. ಮೊದಲ ದಿನ. ಅಪ್ಪ ಮಗಳು ಹೊರಟರು. ಎರಡು ಸರಪಳಿ ಮೂರು ಆಣೆಯ ಮೇಲೆ ಅವಳು ಕುಳಿತಳು. ಇವರು ‘ಏಳು’ ಎನ್ನಲಿಲ್ಲ. ಹೆಗಲ ಮೇಲಿನ ಟವೆಲು ಹಾಸಿ, ತಾವು ಬರಬೇಕೆಂದಿದ್ದ ಜಾಗವೇ ಇದು ಎಂಬಂತೆ ಪಕ್ಕದಲ್ಲಿ ಕುಳಿತರು.

ದಾರಿಹೋಕರೊಬ್ಬರು ಕೇಳಿದರು: ‘‘ಎಂತ ಮೋಜಣಿದಾರ್ರೇ, ಬಸ್ಸು ಕಾಯ್ತಿದೀರಾ ಇಲ್ಲಿ?’’

‘‘ಹೌದ್ರೀ. ಇವತ್ತು ಸ್ವಲ್ಪ ಲೇಟ್ ಐತಿ.’’

ಹದಿನೈದು ನಿಮಿಷ ಕುಳಿತು, ಅವಳು ಕುಳಿತ ಜಾಗದಲ್ಲಿ ಚರಂಡಿಯಂಚಿಗೆ ಒಂದು ಗೂಟ ಹೊಡೆದರು. ಹಗ್ಗದ ಒಂದು ತುದಿಯನ್ನು ಅವಳ ಕೈಗೇ ಕೊಟ್ಟು ಅಳೆದರು. ಹಗ್ಗ ಹಿಡಿಯುವುದು ಅವಳಿಗೆ ಇಷ್ಟವಾಯಿತು. ಕರಾರು ಇಷ್ಟು: ನಾಳೆ ಈ ಗೂಟದವರೆಗೆ ಬರಲು ನೋಡಬೇಕು, ಅದರಾಚೆ ಎಷ್ಟು ಎಂಬುದು ಅವಳ ಹುಕುಂ.

ಆ ಗೂಟದವರೆಗೂ ಬಾರದ ದಿನಗಳಿದ್ದವು. ಒಂದು ದಿನ ಎಮ್ಮೆಯೊಂದು ಅಡ್ಡ ಬಂತು, ಇನ್ನೊಂದು ದಿನ ಶಾಲೆಯ ಗಂಟೆ ಬಹಳ ಜೋರಾಗಿ ಹೊಡೆಯಿತು. ಅಂಥ ದಿನ ಮುಂದಿನ ಗೂಟವನ್ನು ಕಿತ್ತು ಹಿಂದೆ ನೆಡುತ್ತೀರಾ ಎಂದು ಕೇಳಿದೆ, ಡೈರಿಯಲ್ಲಿ ಸರಿಯಾಗಿ ಬರೆಯಬೇಕಿತ್ತಲ್ಲ.

‘‘ಗೂಟ ಹಿಂದಕ್ಕ ಬರಂಗಿಲ್ರೀ. ನಾವು ಬರ್ತೀವಿ, ಹೋಗ್ತೀವಿ’’ ಎಂದರು.

ಇನ್ನು ನನ್ನ ತಪ್ಪನ್ನು ಬರೆಯಬೇಕು. ನಾನು ದಿನವೂ ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ನಿಂತು ಅಂದಿನ ಅಳತೆಯನ್ನು ಬರೆದುಕೊಳ್ಳುತ್ತಿದ್ದೆ. ಜುಲೈ 24ರಂದು ಹೋಟೆಲಿನಲ್ಲಿ ದೋಸೆಗೆ ಕಾಯುತ್ತ, ಸಂತೋಷ ತಡೆಯಲಾರದೆ, ‘‘ಇವತ್ತು ಒಂಬತ್ತು ಸರಪಳಿ ದಾಟಿತು!’’ ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಪಕ್ಕದ ಮೇಜಿನಲ್ಲಿ ಅಡಿಕೆ ಮಂಡಿಯ ಸಾಹುಕಾರರಿದ್ದರು. ಅವರ ಮನೆ ಹತ್ತನೆಯ ಸರಪಳಿಯಾಚೆ. ಮನೆಯ ಜಗಲಿ ಬೀದಿಯೊಳಕ್ಕೆ ಮೂರಡಿ ಬಂದು ಕುಳಿತಿತ್ತು.

‘‘ಒಟ್ಟು ಎಷ್ಟು ಸರಪಳಿ, ಮೇಷ್ಟ್ರೇ?’’

‘‘ಇಪ್ಪತ್ತೆರಡು.’’

‘‘ಯಾವಾಗ ಮುಗೀತದೆ?’’

‘‘ಅದು ಯಾರ ಕೈಲೂ ಇಲ್ಲ. ಆದ್ರೆ ಮುಗಿಯೋದಂತೂ ಖಂಡಿತ.’’

ಸಾಹುಕಾರರು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಸಂಜೆಯೊಳಗೆ ಬೀದಿಯ ಎರಡೂ ಬದಿಗೆ ಸುದ್ದಿ ಮುಟ್ಟಿತು: ಸರ್ಕಾರ ರಸ್ತೆ ಅಗಲ ಮಾಡಲಿದೆ, ಅಳತೆ ಗುಟ್ಟಾಗಿ ನಡೆದಿದೆ, ಯಾರಿಗೂ ಅನುಮಾನ ಬಾರದಿರಲೆಂದು ಮೋಜಣಿದಾರರು ಮಗಳನ್ನು ನೆಪಕ್ಕೆ ಕರೆದುಕೊಂಡು ಬರುತ್ತಾರೆ, ಬಾಗಿಲಲ್ಲಿ ನಿಂತು ಬರೆದುಕೊಳ್ಳುವ ಮೇಷ್ಟ್ರು ಒಳಗಿನ ಮನುಷ್ಯ.

ಇದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅಷ್ಟರಲ್ಲಿ ನನ್ನ ಕೋಣೆಗೆ ಬಂದದ್ದು: ಬಾಳೆಗೊನೆ 3, ಮಿಡಿ ಉಪ್ಪಿನಕಾಯಿ 2 ಭರಣಿ, ಹಲಸಿನ ಹಪ್ಪಳ 4 ಕಟ್ಟು, ಜೇನುತುಪ್ಪ 1 ಬಾಟಲಿ. ಸೊರಬದವರಿಗೆ ಗುರುಗಳೆಂದರೆ ಅಪಾರ ಗೌರವ ಎಂದು ಶಿಕಾರಿಪುರಕ್ಕೆ ಅವ್ವನಿಗೆ ಕಾಗದ ಬರೆದೆ. ಅವ್ವ ತಂಗಿಯ ಕೈಲಿ ಬರೆಸಿದ ಉತ್ತರ: ‘‘ಕೊಟ್ಟಿದ್ದು ತಿನ್ನು. ಯಾಕ ಕೊಟ್ರು ಅಂತ ಮೊದ್ಲು ಕೇಳು.’’ ಅಷ್ಟರಲ್ಲಿ ಗೊನೆ ಮುಗಿದಿತ್ತು.

ಮೋಜಣಿದಾರರ ಮನೆಗೂ ಒಂದು ಗೊನೆ ಹೋಯಿತು. ಹೋದ ವೇಗದಲ್ಲೇ ಸಾಹುಕಾರರ ಜಗಲಿಗೆ ವಾಪಸು ಬಂತು, ಹಿಂದೆಯೇ ಬೈಗುಳವೂ ಬಂತು.

ಆಗಸ್ಟ್ 20. ಹಿಂದಿನ ದಿನ ಸಾಹುಕಾರರ ಜಗಲಿಯ ಎದುರೇ ಹೊಡೆದಿದ್ದ ಗೂಟ ಅಂದು ಬೆಳಿಗ್ಗೆ ಹನ್ನೊಂದು ಆಣೆ ಮುಂದೆ, ಪಕ್ಕದ ದರ್ಜಿಯ ಅಂಗಡಿ ದಾಟಿ ನಿಂತಿತ್ತು. ಗೂಟ ತನ್ನ ಮನೆ ದಾಟಿದರೆ ಕಂಟಕವೂ ದಾಟಿತು ಎಂಬುದು ಸಾಹುಕಾರರ ಲೆಕ್ಕವಿರಬೇಕು. ಹುಡುಗಿ ಬಂದಳು. ಗೂಟ ನೋಡಿದಳು. ನೆಲ ನೋಡಿದಳು.

ನಾನು ದರ್ಜಿಯ ಅಂಗಡಿಯಲ್ಲಿ ಗುಂಡಿ ಹೊಲಿಸಿಕೊಳ್ಳುತ್ತ ಮನಸ್ಸಿನಲ್ಲೇ ಬೇಡಿಕೊಂಡೆ: ಸುಮ್ಮನಿರಿ ಮೋಜಣಿದಾರರೇ, ಪುಕ್ಕಟೆ ಹನ್ನೊಂದು ಆಣೆ!

‘‘ಅಪ್ಪಾ, ನಿನ್ನೆ ನಾ ಅಲ್ಲಿ ಕೂತಿರ್ಲಿಲ್ಲ.’’

‘‘ಇಲ್ಲವ್ವ. ಇಲ್ಲೇ ಕೂತಿದ್ದಿ.’’

ಅವರು ಗೂಟ ಕಿತ್ತು ತಂದು ಹಳೆಯ ತೂತಿಗೇ ಹೊಡೆದರು. ಜಗಲಿಯ ಮೇಲಿಂದ ಸಾಹುಕಾರರು ‘‘ಅಯ್ಯಯ್ಯೋ’’ ಎಂದರು. ಹುಡುಗಿ ತಿರುಗಿ ನೇರ ಅವರನ್ನೇ ಕೇಳಿದಳು: ‘‘ನೀವು ಕಿತ್ತಿದ್ದು?’’

ಸೊರಬದಲ್ಲಿ ಹೊರಗಿನವರೊಡನೆ ಅವಳು ಆಡಿದ ಮೊದಲ ಮಾತು ಇದು. ದರ್ಜಿ ನಕ್ಕ ರಭಸಕ್ಕೆ ನನ್ನ ಗುಂಡಿ ತಲೆಕೆಳಗಾಗಿ ಕುಳಿತಿತು. ಸಾಹುಕಾರರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ನಾನು, ಹನ್ನೊಂದು ಆಣೆ ಸುಮ್ಮನೆ ಹೋಯಿತಲ್ಲ ಎಂದು ಪೇಚಾಡಿದೆ. ಅವರು, ‘‘ಅವಳು ಕೂರದ ಜಾಗದಾಗ ನಾನು ಗೂಟ ಒಪ್ಪಿಕೊಂಡ್ರ, ನಾಳಿಂದ ಅವಳು ನನ್ನ ಅಳತಿ ಹೆಂಗ ನಂಬ್ತಾಳ್ರೀ?’’ ಎಂದರು.

ಸೆಪ್ಟೆಂಬರಿನಲ್ಲಿ ತಾಲ್ಲೂಕು ಕಚೇರಿಗೆ ಬೀದಿಯವರ ಅರ್ಜಿ ಹೋಯಿತು. ಹದಿನೇಳು ಸಹಿ, ಎರಡು ಹೆಬ್ಬೆಟ್ಟು. ಮೋಜಣಿದಾರರಿಗೆ ಮೆಮೊ ಬಂತು: ಯಾರ ಹುಕುಮಿನ ಮೇಲೆ ಸಾರ್ವಜನಿಕ ಬೀದಿಯಲ್ಲಿ ಗೂಟ ನೆಡಲಾಗಿದೆ? ಇವರ ಉತ್ತರ ಒಂದೇ ಸಾಲು: ಸದರಿ ಗೂಟಗಳು ಖಾಸಗಿ, ಯಾವ ಜಮೀನಿಗೂ ಸಂಬಂಧಪಟ್ಟವಲ್ಲ. ಇದು ಸಾಲದು, ವಿವರ ಬರೆಯದಿದ್ದರೆ ಮುಂದಿನ ಕ್ರಮ ಎಂದು ಎರಡನೆಯ ಮೆಮೊ.

ಎಲ್ಲಕ್ಕೂ ನನ್ನ ದೋಸೆಯೇ ಮೂಲವೆಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಅವರ ಕಾಲು ಹಿಡಿಯುವುದೊಂದು ಬಾಕಿ. ‘‘ಮಗಳ ಸಲುವಾಗಿ ಅಂತ ನಿಜ ಬರದುಬಿಡ್ರಿ. ನೌಕ್ರಿಗೆ ಕುತ್ತು ಬಂದೀತು’’ ಎಂದೆ.

ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಅಲ್ಲೇ ಇಟ್ಟರು. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

‘‘ರೆಕಾರ್ಡ್ ರೂಮು ನೋಡೀರೇನು ಮೇಷ್ಟ್ರೇ? ನಾನು ನೋಡೀನಿ. ನಮ್ಮಜ್ಜನ ಕಾಲದ ಕಾಗದ ಇನ್ನೂ ಅದಾವು ಅಲ್ಲಿ. ಇಂಥವರ ಮಗಳಿಗೆ ಶಾಲಿ ಅಂದ್ರ ಹೆದರಿಕಿ ಅಂತ ನಾನು ಕೈಯಾರೆ ಬರದು ಕೊಡ್ಲಿ? ಹೆದರಿಕಿ ಇನ್ನೆರಡು ತಿಂಗಳಿಗೆ ಹೋಗ್ತೈತಿ. ಕಾಗದ ಹೋಗಂಗಿಲ್ಲ.’’

ಸೆಪ್ಟೆಂಬರ್ 17, ಬೆಳಿಗ್ಗೆ 9.10. ತಾಲ್ಲೂಕಿನ ಮುಖ್ಯಾಧಿಕಾರಿ ಅಮಲ್ದಾರರು ಸ್ಥಳ ತನಿಖೆಗೆ ಬಂದರು. ಜೊತೆಗೆ ಕೊಡೆ ಹಿಡಿದ ಜವಾನ, ಅರ್ಜಿದಾರರು, ಅವರ ಮನೆಯವರು, ಕೆಲಸವಿಲ್ಲದವರು. ನಾನು ಅರ್ಧ ದಿನದ ರಜೆ ಹಾಕಿ ಬಂದಿದ್ದೆ.

ಮೊದಲ ಗೂಟದ ಮುಂದೆ ನಿಂತು ಅಮಲ್ದಾರರು ಕೇಳಿದರು: ‘‘ಇದು ಯಾವ ಸರ್ವೆ?’’

‘‘ಖಾಸಗಿ, ಸ್ವಾಮಿ.’’

‘‘ಅಲ್ಲ ಸ್ವಾಮಿ,’’ ಸಾಹುಕಾರರು ಮುಂದೆ ನುಗ್ಗಿದರು, ‘‘ಖಾಸಗಿ ಅಂದ್ರೆ ನಮ್ಮ ಜಗಲಿ ಖಾಸಗಿ. ಬೀದೀಲಿ ಎಂತಾ ಖಾಸಗಿ?’’

‘‘ನಿಮ್ಮ ಜಗಲೀನೂ ಬೀದೀಲೇ ಉಂಟಲ್ಲ ಸಾಹುಕಾರ್ರೇ’’ ಎಂದ ದರ್ಜಿ, ಹಿಂದಿನಿಂದ.

ಅಮಲ್ದಾರರು ಕೈಯೆತ್ತಿ ಸದ್ದಡಗಿಸಿದರು. ‘‘ಇಷ್ಟು ಜನರ ಎದುರಿಗೆ ಕೇಳ್ತಿದೇನೆ, ಮೋಜಣಿದಾರ್ರೇ. ಉದ್ದೇಶ ಹೇಳಿ. ಇಲ್ಲದಿದ್ರೆ ನಾನು ಮೇಲಕ್ಕೆ ಬರೀಬೇಕಾಗ್ತದೆ.’’

ಇವರು ಕೋಟಿನ ಗುಂಡಿ ಹಾಕಿಕೊಂಡು ಸುಮ್ಮನೆ ನಿಂತರು. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ತಿರುಗಿ ಒಂದು ಬೆರಳೆತ್ತಿದರು. ಮುಚ್ಚಿದೆ.

ಅಷ್ಟು ಹೊತ್ತಿಗೆ 9.30 ಆಯಿತು. ಮನೆಯ ಬಾಗಿಲಿನಿಂದ ಹುಡುಗಿ ಹಗ್ಗದ ಸುರುಳಿ ಹಿಡಿದು ಬಂದಳು. ಜನರನ್ನು ನೋಡಿ ಒಂದು ಗಳಿಗೆ ನಿಂತಳು. ಕುಳಿತಳೆಂದೇ ನಾನು ಅಂದುಕೊಂಡೆ. ಅವಳು ಅಪ್ಪನ ಬೆರಳು ಹಿಡಿದು ಜಗ್ಗಿದಳು.

‘‘ಅಪ್ಪಾ, ಹೊತ್ತಾತು.’’

ಮೋಜಣಿದಾರರು ಅಮಲ್ದಾರರಿಗೆ ಕೈಮುಗಿದರು. ‘‘ಅಪ್ಪಣೆ ಆದ್ರ ದಿನದ ಕೆಲಸ ಮುಗಿಸಿ ಬರ್ತೀನಿ, ಸ್ವಾಮಿ.’’ ಅಪ್ಪಣೆಗೆ ಕಾಯದೆ ಹುಡುಗಿ ಹೊರಟಿದ್ದಳು. ತನಿಖೆ ಮಾಡಬೇಕಾದ ಗೂಟಗಳೂ ಆ ದಿಕ್ಕಿಗೇ ಇದ್ದುದರಿಂದ ಅಮಲ್ದಾರರು ಹಿಂದೆ ನಡೆದರು. ಅವರ ಹಿಂದೆ ಕೊಡೆ, ಕೊಡೆಯ ಹಿಂದೆ ಊರು.

‘‘ಇದು ಯಾವುದು ಮಗು?’’ ಎಂದರು ಅಮಲ್ದಾರರು, ಐದನೆಯ ಗೂಟದ ಹತ್ತಿರ. ಅಪ್ಪನ ಬಾಯಿಂದ ಹೊರಡದ್ದು ಮಗಳಿಂದ ಹೊರಟೀತೆಂದು ಇರಬೇಕು.

‘‘ಎಮ್ಮಿ ಬಂದಿತ್ತಲ್ಲ, ಅದರ ಮರುದಿನದ್ದು.’’

‘‘ಇದು?’’

‘‘ಅವತ್ತು ಮಳಿ ಹನೀತು. ಅಪ್ಪನ ಟವೆಲ್ ತೊಯ್ತು. ಅದಕ್ಕ ಜಲ್ದಿ ಎದ್ವಿ.’’

ಒಂದು ಗೂಟದ ಜಾಗದಲ್ಲಿ ಬರೀ ತೂತಿತ್ತು. ಅವಳು ಅಲ್ಲಿ ನಿಂತು, ‘‘ಇಲ್ಲೊಂದಿತ್ತು. ಇವರು ಕಿತ್ತು ಒಲಿಗೆ ಹಾಕ್ಯಾರ’’ ಎಂದು ಒಬ್ಬ ಅರ್ಜಿದಾರರ ಹೆಂಡತಿಯನ್ನು ತೋರಿಸಿದಳು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

‘‘ಗೂಟ ಯಾಕೆ ಹೊಡೀತೀರಿ?’’ ಅಮಲ್ದಾರರು ಈಗ ಸಣ್ಣ ದನಿಯಲ್ಲಿ ಕೇಳಿದರು.

‘‘ನಾ ಅಲ್ಲೀಮಟ ಬಂದಿದ್ದೆ ಅಂತ.’’

‘‘ಎಲ್ಲಿಗೆ ಹೋಗೋದು?’’

ಹುಡುಗಿ ಶಾಲೆಯತ್ತ ಗದ್ದ ಎತ್ತಿ ತೋರಿಸಿದಳು. ಮೋಜಣಿದಾರರು ಹೆಜ್ಜೆ ಎಣಿಸುವುದನ್ನು ಬಿಟ್ಟಿದ್ದರು. ಅವರ ತುಟಿ ಅಲುಗದೆ ನಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಲವತ್ತೊಂದನೆಯ ಗೂಟ, ಹದಿನೇಳು ಸರಪಳಿ ಒಂಬತ್ತು ಆಣೆ. ಅಲ್ಲಿ ಅವಳು ಕುಳಿತಳು. ಮೆರವಣಿಗೆ ಗಕ್ಕನೆ ನಿಂತಿತು. ಹಿಂದಿದ್ದವರು ಮುಂದಿದ್ದವರಿಗೆ ಡಿಕ್ಕಿ ಹೊಡೆದರು. ಮೋಜಣಿದಾರರು ಟವೆಲು ಹಾಸಿ ಕುಳಿತರು. ಅಮಲ್ದಾರರು ಅತ್ತಿತ್ತ ನೋಡಿ, ಕೊಡೆ ಮಡಿಸಲು ಹೇಳಿ, ಒಂದು ಕಲ್ಲಿನ ಮೇಲೆ ಕುಳಿತರು. ಅಮಲ್ದಾರರೇ ಕುಳಿತ ಮೇಲೆ ಉಳಿದವರು ನಿಲ್ಲುವುದು ಹೇಗೆ? ಹದಿನೇಳು ಸಹಿ, ಎರಡು ಹೆಬ್ಬೆಟ್ಟು ಎಲ್ಲವೂ ಸಾಲಾಗಿ ಕುಳಿತವು.

ಎಷ್ಟೋ ಹೊತ್ತಿನ ಮೇಲೆ ಸಾಹುಕಾರರು ತಡೆಯಲಾರದೆ ಕೇಳಿದರು: ‘‘ಮುಂದೆ ಹೋಗಲ್ವೇನೇ ತಂಗಿ?’’

‘‘ಇವತ್ತಿಗೆ ಇಷ್ಟ ಸಾಕು. ಮಂದಿ ಬಾಳ ಆದ್ರು.’’

ತನಿಖೆಯ ವರದಿಯ ನಕಲನ್ನು ಮೋಜಣಿದಾರರು ನನಗೆ ತೋರಿಸಿದರು. ಮೂರು ವಾಕ್ಯ. ‘ಗೂಟಗಳನ್ನು ಖುದ್ದಾಗಿ ಪರಿಶೀಲಿಸಲಾಯಿತು. ಯಾವ ಜಗಲಿಗೂ ಬಾಧೆಯಿಲ್ಲ. ಕೆಲಸ ಪ್ರಗತಿಯಲ್ಲಿದೆ.’ ಹುಡುಗಿಯ ಸುದ್ದಿ ಎಲ್ಲೂ ಇರಲಿಲ್ಲ. ಅವರು ಅದನ್ನು ನಾಲ್ಕು ಸಲ ಓದಿ ಮಡಿಸಿಟ್ಟುಕೊಂಡರು. ಆ ಸಂಜೆ ಸಾರಿಗೆ ಉಪ್ಪು ಹೆಚ್ಚಾಗಿತ್ತಂತೆ. ಗೋಡೆಯಾಚೆ ಸದ್ದಿಲ್ಲ.

ಮರುದಿನದಿಂದ 9.30ಕ್ಕೆ ಆ ಬೀದಿಯಲ್ಲಿ ಎಮ್ಮೆ ಹೊರಗೆ ಬಿಡುವುದು ನಿಂತಿತು. ಸಾಹುಕಾರರು ಜಗಲಿಯಲ್ಲಿ ಪೇಪರು ಓದುವಂತೆ ನಟಿಸುತ್ತ, ಅವಳು ದಾಟಿದ ಮೇಲೆ, ‘‘ಇವತ್ತೆಷ್ಟು ಮೇಷ್ಟ್ರೇ?’’ ಎಂದು ನನ್ನನ್ನು ಕೇಳುತ್ತಿದ್ದರು. ದಸರೆಯ ರಜೆಯ ನಂತರ ಹೆಡ್ ಮೇಷ್ಟ್ರು ದಿನಕ್ಕೊಮ್ಮೆ ರಿಜಿಸ್ಟರು ತೆಗೆದು, ಇಪ್ಪತ್ತಮೂರನೆಯ ಹೆಸರು ನೋಡಿ, ಮುಚ್ಚುತ್ತಿದ್ದರು.

ಅಕ್ಟೋಬರ್ 30, ಬುಧವಾರ. ನಾನು ಹಲಗೆಗೆ ಮುಖ ಮಾಡಿ ಮಗ್ಗಿ ಬರೆಯುತ್ತಿದ್ದೆ. ತಿರುಗಿದಾಗ ಹಿಂದಿನ ಸಾಲಿನ ಕೊನೆಯಲ್ಲಿ, ಬಾಗಿಲ ಪಕ್ಕ, ಅವಳು ಕುಳಿತಿದ್ದಳು. ಎಷ್ಟು ಹೊತ್ತಿಗೆ ಬಂದಳೋ ನೋಡಲಿಲ್ಲ. ನಾಲ್ಕೂವರೆ ತಿಂಗಳ ಒಂದೊಂದು ಆಣೆಯನ್ನೂ ಬರೆದಿಟ್ಟವನ ಡೈರಿಯಲ್ಲಿ ಆ ದಿನದ ಗಂಟೆಯ ಜಾಗ ಖಾಲಿ ಇದೆ. ಯಾರನ್ನೂ ಕೇಳುವ ಹಾಗಿರಲಿಲ್ಲ. ಕೇಳಿದರೆ ಎಲ್ಲರೂ ಅವಳತ್ತ ತಿರುಗುತ್ತಿದ್ದರು. ಮತ್ತೆ ಹಲಗೆಗೆ ತಿರುಗಿ, ಬರೆದ ಮಗ್ಗಿಯನ್ನೇ ಎರಡನೆಯ ಸಲ ಬರೆದೆ. ಹಾಜರಿ ಹಾಕುವಾಗ ಗಡಿಬಿಡಿಯಲ್ಲಿ ಇಪ್ಪತ್ತೆರಡನೆಯವನಿಗೂ ಸೇರಿಸಿ ಗೀಚಿದೆ.

ಮುಂದಿನ ವರ್ಷ ಮೇ ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಹೋಗುವ ದಿನ ನಾನು ಶಿಕಾರಿಪುರದಲ್ಲಿದ್ದೆ, ನೋಡಲಾಗಲಿಲ್ಲ.

ಈಗ ನಾನೂ ಶಿಕಾರಿಪುರಕ್ಕೆ ವರ್ಗವಾಗಿ ಬಂದಿದ್ದೇನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ದಿನವೂ ಬರುತ್ತಾಳೆ, ಕೂರುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಜೂನಿನಿಂದ ಅವಳ ತುಟಿ ಅಲುಗಿದ ದಿನಗಳನ್ನು ಬರೆದಿಡುತ್ತಿದ್ದೇನೆ: ಹನ್ನೊಂದು. ಮೊನ್ನೆ ಶುಕ್ರವಾರ ನನಗೆ ತಾಳ್ಮೆ ತಪ್ಪಿತು. ಕೂಗಿಬಿಟ್ಟೆ. ಶನಿವಾರ ಅವಳು ಬರಲಿಲ್ಲ.

ಸೊರಬದ ಡೈರಿಯಲ್ಲಿ ಸೆಪ್ಟೆಂಬರ್ 17ರವರೆಗೆ ಎಪ್ಪತ್ತೆರಡು ದಿನದ ಲೆಕ್ಕವಿದೆ. ಮುಂದೆ ಹೋದದ್ದು ನಲವತ್ತೊಂದು ದಿನ, ಇದ್ದಲ್ಲೇ ಇದ್ದದ್ದು ಇಪ್ಪತ್ತೆರಡು, ಹಿಂದೆ ಬಿದ್ದದ್ದು ಒಂಬತ್ತು. ಆ ಒಂಬತ್ತು ದಿನ ಅವರು ಮನೆಗೆ ಹೋಗಿ ಏನು ಮಾಡಿದರೆಂದು ನಾನು ಕೇಳಲೇ ಇಲ್ಲ. ಬೀದಿಯಲ್ಲಿ ಕಂಡದ್ದನ್ನಷ್ಟೇ ಬರೆದುಕೊಂಡೆ. ಅಷ್ಟು ಸಿಟ್ಟಿನ ಮನುಷ್ಯ. ಮಗಳ ಮೇಲೂ ಒಮ್ಮೆಯಾದರೂ ಕೂಗಿರಲಾರರೇ?

ಅವರು ಈಗ ಎಲ್ಲಿದ್ದಾರೆಂದು ಬಲ್ಲವರು, ಅಥವಾ ಅವರ ಮನೆಯ ಸಂಗತಿ ಹೆಚ್ಚು ತಿಳಿದವರು ಈ ಪತ್ರಿಕೆಯ ಮೂಲಕ ನನಗೆ ನಾಲ್ಕು ಸಾಲು ಬರೆಯಬೇಕು. ಹೊಗಳಿಕೆ ಬೇಡ, ನನ್ನ ಹತ್ತಿರ ಸಾಕಷ್ಟಿದೆ. ಕೂಗಿದ್ದರೆ ಕೂಗಿದರೆಂದೇ ಬರೆಯಿರಿ. ಕೂಗಿದ ಮೇಲೆ, ಮರುದಿನ ಬೆಳಿಗ್ಗೆ, ಮಗಳಿಗೆ ಮೊದಲು ಏನೆಂದರು ಎಂಬುದು ನನಗೆ ಬೇಕು. ನಿಮ್ಮ ಕಾಗದ ಬರುವುದು ತಡವಾಗುತ್ತದೆಂದು ಗೊತ್ತಿದೆ. ನಾಳೆ ಬೆಳಿಗ್ಗೆ ಆ ಹುಡುಗಿಯ ಮನೆಗೆ ಹೋಗುತ್ತಿದ್ದೇನೆ, ಏನೆನ್ನಬೇಕೆಂದು ತಿಳಿಯದು. ಸದ್ಯಕ್ಕೆ ಬಾಗಿಲ ಹೊರಗೆ ಕುಳಿತುಕೊಳ್ಳುವುದೆಂದು ಮಾಡಿದ್ದೇನೆ.